ಒಂದೇ ಮಾಳಿಗೆ, ಎರಡು ಪಾಲು

ಕೊಪ್ಪಳ ಸೀಮೆಯಲ್ಲಿ ಅಣ್ಣ-ತಮ್ಮಂದಿರು ಬೇರೆಯಾದಾಗ ಹೊಲವನ್ನು ಎಕರೆ-ಗುಂಟೆಯಲ್ಲಿ ಅಳೆಯುತ್ತಾರೆ, ಹಳೆಯ ಮನೆಯನ್ನು ಅಂಕಣದಲ್ಲಿ ಎಣಿಸುತ್ತಾರೆ. ಎರಡು ಕಂಬಗಳ ನಡುವಿನ ಜಾಗ ಒಂದು ಅಂಕಣ. ಮೂಡಲ ಕಡೆಯ ಮೂರು ಅಂಕಣ ಅಣ್ಣನಿಗೆ, ಪಡುವಲ ಕಡೆಯ ಮೂರು ತಮ್ಮನಿಗೆ. ಪಡಸಾಲೆಯ ನಡುವೆ ಒಂದು ಅಡ್ಡಗೋಡೆ. ಹಿತ್ತಲಿನತ್ತ ಹೊಸದೊಂದು ಬಾಗಿಲು. ಪಂಚರ ಎದುರು ವಾಟ್ನಿ, ಅಂದರೆ ಪಾಲು ಹಂಚಿಕೆ, ಮುಗಿಯುತ್ತದೆ. ಕಾಗದದಲ್ಲಿ ನೆಲ ಬರುತ್ತದೆ, ಗೋಡೆ ಬರುತ್ತದೆ, ದನದ ಕೊಟ್ಟಿಗೆ, ಹಗೇವು, ಬಚ್ಚಲ ನೀರು ಹರಿಯುವ ದಾರಿ ಕೂಡ ಬರುತ್ತದೆ. ಮಾಳಿಗೆಯ ಮಾತು ಮಾತ್ರ ಸಾಮಾನ್ಯವಾಗಿ ಬರುವುದಿಲ್ಲ. ಕೆಳಗೆ ಎರಡು ಮನೆ, ಮೇಲೆ ಒಂದೇ ಮಾಳಿಗೆ.

ಹತ್ತಿಪ್ಪತ್ತು ವರ್ಷ ಅದರಿಂದ ಯಾವ ತೊಂದರೆಯೂ ಆಗುವುದಿಲ್ಲ. ಎರಡೂ ಮನೆಯವರು ಅಲ್ಲಿಯೇ ಮೆಣಸಿನಕಾಯಿ ಒಣಹಾಕುತ್ತಾರೆ, ಶ್ಯಾವಿಗೆ ಹರವುತ್ತಾರೆ, ಬೇಸಿಗೆಯ ರಾತ್ರಿ ಚಾಪೆ ಹಾಸುತ್ತಾರೆ. ಆಮೇಲೆ ಒಂದು ದಿನ ಒಬ್ಬನಿಗೆ ಮನೆಯ ಅನುದಾನ ಮಂಜೂರಾಗುತ್ತದೆ, ಇಲ್ಲವೇ ಬೆಂಗಳೂರಿನಲ್ಲಿ ದುಡಿಯುವ ಮಗ ಹಣ ಕಳಿಸುತ್ತಾನೆ. ತನ್ನ ಪಾಲಿನ ಮಾಳಿಗೆ ತೆಗೆದು ಸ್ಲ್ಯಾಬ್ ಹಾಕಿಸಬೇಕು, ಕನಿಷ್ಠ ತಗಡಿನ ಪತ್ರಾಸಾದರೂ ಹೊದಿಸಬೇಕು ಎಂದು ಅವನು ಗೌಂಡಿಯನ್ನು ಕರೆಸುತ್ತಾನೆ. ಅವನ ಹಣ, ಅವನ ಪಾಲು, ತಪ್ಪೇನೂ ಇಲ್ಲ. ಆದರೆ ಗುದ್ದಲಿ ಬಿದ್ದ ವಾರದೊಳಗೆ ಪಕ್ಕದ ಪಾಲಿನಲ್ಲಿ ಜಂತಿ ಜಗ್ಗುತ್ತದೆ, ಗೋಡೆ ಸೀಳುತ್ತದೆ, ಮೊದಲ ಮಳೆಗೆ ದೇವರ ಜಗಲಿಯ ಮೇಲೆ ನೀರು ತೊಟ್ಟಿಕ್ಕುತ್ತದೆ. ಅಲ್ಲಿಂದ ಮುಂದೆ ಒಡಹುಟ್ಟಿದವರು ಮಾತು ಬಿಡುತ್ತಾರೆ. ಇದರಲ್ಲಿ ದುರುದ್ದೇಶ ಯಾರದೂ ಇರುವುದಿಲ್ಲ. ಮಾಳಿಗೆ ಹೇಗೆ ನಿಂತಿದೆ ಎಂಬುದನ್ನು ಕೆಲಸಕ್ಕೆ ಮೊದಲು ಯಾರೂ ಕುಳಿತು ನೋಡಿರುವುದಿಲ್ಲ, ಅಷ್ಟೇ.

ಹಾಗಾದರೆ ಅದು ನಿಂತಿರುವುದು ಹೇಗೆ? ಕಂಬದ ತಲೆಯ ಮೇಲೆ ಬೋದಿಗೆ, ಬೋದಿಗೆಯ ಮೇಲೆ ತೊಲೆ, ತೊಲೆಯ ಮೇಲೆ ಅಡ್ಡಲಾಗಿ ಜಂತಿಗಳು. ಜಂತಿಗಳ ಮೇಲೆ ಒತ್ತೊತ್ತಾಗಿ ಸೀಳುಕಟ್ಟಿಗೆ ಅಥವಾ ಬಿದಿರು, ಅದರ ಮೇಲೆ ಬೇವಿನ ಸೊಪ್ಪೋ ಲೆಕ್ಕಿ ಸೊಪ್ಪೋ ಹುಲ್ಲೋ, ಅದರ ಮೇಲೆ ಮಣ್ಣು. ಭಾರ ಮೇಲಿನಿಂದ ಕೆಳಕ್ಕೆ ಇಳಿಯುವ ಈ ಕ್ರಮ ಈ ನೆಲಕ್ಕೆ ಬಹಳ ಹಳೆಯದು. ಹಿಂದೆ ಯಲಬುರ್ಗಾ ತಾಲ್ಲೂಕಿನಲ್ಲಿದ್ದು ಈಗ ಕುಕನೂರು ತಾಲ್ಲೂಕಿಗೆ ಸೇರಿರುವ ಇಟಗಿಯಲ್ಲಿ, ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ 1112ರಲ್ಲಿ ಕಟ್ಟಿಸಿದ ದೇವಾಲಯದ ಮಂಟಪವೂ ಕಂಬ, ಬೋದಿಗೆ, ತೊಲೆಗಳ ಮೇಲೆಯೇ ನಿಂತಿದೆ. ಅಲ್ಲಿ ಎಲ್ಲವೂ ಕಲ್ಲು, ಇಲ್ಲಿ ಬೇವು, ಜಾಲಿ, ತೇಗ.

ಮಾಳಿಗೆಯ ಮೇಲ್ಪದರಕ್ಕೆ ಸಿಕ್ಕಿದ ಮಣ್ಣು ಹಾಕುವುದಿಲ್ಲ. ಸವುಳು ಮಣ್ಣೇ ಆಗಬೇಕು. ಬೆಳೆ ಬಾರದ, ಉಪ್ಪುಪ್ಪಾದ, ಬಿಳಿಚಿದ ಆ ಮಣ್ಣು ಹೊಲದಲ್ಲಿದ್ದರೆ ರೈತನಿಗೆ ಶಾಪ, ಮಾಳಿಗೆಯ ಮೇಲಿದ್ದರೆ ರಕ್ಷೆ. ಸೋಡಿಯಂ ಹೆಚ್ಚಾಗಿರುವ ಜೇಡಿಗೆ ನೀರು ತಾಕಿದೊಡನೆ ಅದರ ನುಣುಪು ಕಣಗಳು ಒಂದರಿಂದೊಂದು ಬಿಡಿಸಿಕೊಂಡು ಮಣ್ಣಿನ ಸೂಕ್ಷ್ಮ ರಂಧ್ರಗಳಲ್ಲಿ ತುಂಬಿಕೊಳ್ಳುತ್ತವೆ. ಮೇಲಿನ ಒಂದೆರಡು ಅಂಗುಲ ಒದ್ದೆಯಾದರೆ ಸಾಕು, ಕೆಳಕ್ಕೆ ನೀರು ಇಳಿಯುವುದು ಬಹುಮಟ್ಟಿಗೆ ನಿಲ್ಲುತ್ತದೆ. ಹೊಲಕ್ಕೆ ಹಾಯಿಸಿದ ನೀರು ಇಂಗದೆ ನಿಂತು ಬೆಳೆ ಕೊಳೆಯುವುದಕ್ಕೂ ಇದೇ ಗುಣ ಕಾರಣ. ಮುನಿರಾಬಾದಿನ ತುಂಗಭದ್ರಾ ಅಣೆಕಟ್ಟಿನ ಎಡದಂಡೆ ಕಾಲುವೆ ಗಂಗಾವತಿಯನ್ನು ಭತ್ತದ ಕಣಜ ಮಾಡಿತು. ಜೊತೆಗೆ ಸಾಕಷ್ಟು ನೆಲವನ್ನು ಸವುಳು-ಜವುಳಿಗೂ ತಳ್ಳಿತು. ಉಪ್ಪುಬಾಧಿತ ಮಣ್ಣಿನ ನಿರ್ವಹಣೆ ಕುರಿತ ಅಖಿಲ ಭಾರತ ಸಂಶೋಧನಾ ಯೋಜನೆಯ ಒಂದು ಕೇಂದ್ರ ಗಂಗಾವತಿಯಲ್ಲೇ ಇದೆ. ವಿಜ್ಞಾನಿಗಳು ಹೊಲದಿಂದ ಓಡಿಸಲು ಹೆಣಗುವ ಗುಣವನ್ನೇ ಹಳ್ಳಿಯ ಹಿರಿಯರು ಮಾಳಿಗೆಗೆ ಹುಡುಕಿ ತಂದರು. ರಾಯಲಸೀಮೆಯ ಮಿದ್ದೆ ಮನೆಗಳಲ್ಲಿ ಇದು ಚೌಡು ಮಣ್ಣು, ಮರಾಠವಾಡದಲ್ಲಿ ಪಾಂಢರಿ ಮಾತಿ. ದಖ್ಖನಿನ ಒಣಸೀಮೆಯ ಉದ್ದಕ್ಕೂ ಒಂದೇ ತಿಳಿವಳಿಕೆ.

ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆ ಬೀಳುವ, ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಊರುಗಳಿಗೆ ಇದಕ್ಕಿಂತ ಒಪ್ಪುವ ಚಾವಣಿ ಸಿಗುವುದು ಕಷ್ಟ. ಆದರೆ ಅದಕ್ಕೆ ಪ್ರತಿ ವರ್ಷದ ಆರೈಕೆ ಬೇಕು. ರೋಹಿಣಿ ಮಳೆಗೆ ಮೊದಲು ಹುಲ್ಲು-ಗಿಡ ಕಿತ್ತು, ಇಲಿ ತೋಡಿದ ತೂತು ಮುಚ್ಚಿ, ಹೊಸ ಸವುಳು ಹರವಿ ದಮ್ಮಸು ಮಾಡಬೇಕು. ತೊಡಕು ಹುಟ್ಟುವುದು ಇಲ್ಲಿಯೇ. ಹಳೆಯ ಪದರ ಕೆರೆದು ತೆಗೆಯದೆ ಹೊಸದನ್ನು ಹಾಕುತ್ತ ಹೋದರೆ ಮೂರು ತಲೆಮಾರಿನಲ್ಲಿ ಅರ್ಧ ಅಡಿಯ ಮಣ್ಣು ಒಂದೂವರೆ ಅಡಿಯಾಗುತ್ತದೆ.

ಲೆಕ್ಕ ಹಾಕಿ ನೋಡಬೇಕು. ಹತ್ತು ಅಡಿಗೆ ಹತ್ತು ಅಡಿಯ ಕೋಣೆಯ ಮೇಲೆ ಒಂದು ಅಡಿ ದಪ್ಪ ಒಣಮಣ್ಣು ಇದ್ದರೆ ಅದರ ತೂಕ ಸುಮಾರು ನಾಲ್ಕೂವರೆ ಟನ್. ನೆನೆದರೆ ಇನ್ನೂ ಹೆಚ್ಚು. ಅದೇ ಕೋಣೆಗೆ ಐದಂಗುಲದ ಕಾಂಕ್ರೀಟ್ ಸ್ಲ್ಯಾಬ್ ಹಾಕಿದರೆ ಸುಮಾರು ಮೂರು ಟನ್. ತಗಡು ಹೊದಿಸಿದರೆ, ಅದನ್ನು ಹೊರುವ ಪೈಪು ಬಿಟ್ಟು, ಐವತ್ತು ಕೆ.ಜಿ.ಯೂ ಆಗದು. ಭಾರದ್ದೆಂದು ಎಲ್ಲರೂ ತಿಳಿಯುವ ಕಾಂಕ್ರೀಟಿಗಿಂತ ಹಗುರವೆಂದು ತಿಳಿಯುವ ಮಣ್ಣೇ ಹೆಚ್ಚು ತೂಗುತ್ತದೆ. ಇದು ಬರಿಯ ಅಂಕಿಯಲ್ಲ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಲಾತೂರ್ ಜಿಲ್ಲೆಯ ಕಿಲ್ಲಾರಿ ಸುತ್ತಮುತ್ತ ಭೂಮಿ ನಡುಗಿದಾಗ ಸಾವಿರಾರು ಜನ ಸತ್ತದ್ದು ಇಂಥ ಮನೆಗಳಲ್ಲೇ. ಮಣ್ಣಿನಲ್ಲಿ ಕಟ್ಟಿದ ದಪ್ಪ ಕಲ್ಲುಗೋಡೆಗಳು ಕುಸಿದವು, ವರ್ಷ ವರ್ಷ ಪದರ ಏರಿಸಿಕೊಂಡ ಮಾಳಿಗೆಗಳು ಮೇಲೆ ಬಿದ್ದವು. ಕಂಬ-ತೊಲೆಯ ಚೌಕಟ್ಟು ಗಟ್ಟಿಯಾಗಿದ್ದ ಎಷ್ಟೋ ಮನೆಗಳಲ್ಲಿ ಗೋಡೆ ಉರುಳಿದರೂ ಮಾಳಿಗೆ ನಿಂತಿತ್ತು. ಕಂಬಕ್ಕೆ, ತೊಲೆಗೆ ಎಷ್ಟು ಬೆಲೆ ಕೊಡಬೇಕು ಎಂಬುದನ್ನು ಆ ಮನೆಗಳು ತೋರಿಸಿದವು.

ಕೊಪ್ಪಳದ ಭಾಗ ಮಾಡಿದ ಮನೆಗಳಲ್ಲೂ ನಿಜವಾದ ಜಗಳಗಂಟಿ ತೊಲೆಯೇ. ಮನೆ ಕಟ್ಟಿದಾಗ ಒಂದೇ ಕುಟುಂಬ. ಉದ್ದನೆಯ ಮರ ಸಿಕ್ಕಿದ್ದರೆ ಬಡಿಗ ಅದನ್ನು ಕತ್ತರಿಸದೆ ಎರಡು ಅಂಕಣ ದಾಟಿಸಿ ಇಟ್ಟಿರುತ್ತಾನೆ. ಮುಂದೆ ಅಡ್ಡಗೋಡೆ ಏಳುವುದು ನಡುಗಂಬದ ಸಾಲಿನಲ್ಲಿ. ಹೀಗೆ ಒಂದೇ ತೊಲೆಯ ಅರ್ಧ ಅಣ್ಣನ ಮನೆಯಲ್ಲಿ, ಅರ್ಧ ತಮ್ಮನ ಮನೆಯಲ್ಲಿ. ಎರಡು ಕಡೆಯೂ ಸಮಭಾರ ಇರುವವರೆಗೆ ತೊಲೆ ನಡುಗಂಬದ ಮೇಲೆ ಎರಡೂ ಕಡೆಗೆ ಬಾಗಿ, ಒಂದು ಬದಿಯ ಬಾಗು ಇನ್ನೊಂದನ್ನು ಹಿಡಿದಿಡುತ್ತದೆ. ಒಂದು ಕಡೆಯ ಮಣ್ಣನ್ನು ಪೂರ್ತಿ ತೆಗೆದರೆ ಆ ಹಿಡಿತ ತಪ್ಪುತ್ತದೆ. ಇಂಜಿನಿಯರಿಂಗ್ ಪುಸ್ತಕಗಳ ಮೊದಲ ಪಾಠಗಳಲ್ಲೇ ಬರುವ ಲೆಕ್ಕವಿದು: ಮೂರು ಆಧಾರಗಳ ಮೇಲೆ ಸಮಾನ ಅಂತರದಲ್ಲಿ ಕುಳಿತ ತೊಲೆಯ ಒಂದು ಬದಿಯ ಭಾರ ಇಳಿಸಿದರೆ ಇನ್ನೊಂದು ಬದಿಯ ನಡುವಿನಲ್ಲಿ ಬಾಗುವ ಬಲ ಮೂರನೇ ಒಂದು ಭಾಗಕ್ಕಿಂತ ಹೆಚ್ಚೇ ಏರುತ್ತದೆ. ನೂರು ವರ್ಷದ, ಗೆದ್ದಲು ಹತ್ತಿದ ಬೇವಿನ ತೊಲೆಗೆ ಅಷ್ಟು ಸಾಕು. ತಮ್ಮನ ಮನೆಗೆ ಯಾರೂ ಕಾಲಿಡದಿದ್ದರೂ ಅವನ ಜಂತಿ ಜಗ್ಗಿದ್ದು ಹೀಗೆ. ಇದಕ್ಕೆ ಪರಿಹಾರ ದುಬಾರಿಯದೇನೂ ಅಲ್ಲ. ಮಣ್ಣಿಗೆ ಗುದ್ದಲಿ ಹಾಕುವ ಮೊದಲೇ ಉಳಿಯುವ ಪಾಲಿನ ತೊಲೆಯ ನಡುವಿಗೆ ಒಂದು ಊರೆಗಂಬ ಕೊಟ್ಟು ಬಿಗಿಯಬೇಕು. ಮಣ್ಣನ್ನು ಒಂದೇ ಮೂಲೆಯಿಂದ ಅಗೆಯದೆ ಪದರು ಪದರಾಗಿ ತೆಗೆಯಬೇಕು. ತೊಲೆ ಕತ್ತರಿಸುವುದಾದರೆ ನಡುಗಂಬದಿಂದ ಒಂದೆರಡು ಅಡಿ ಆಚೆಗೆ, ಕತ್ತರಿಸುವವನ ಪಾಲಿನಲ್ಲೇ ಕತ್ತರಿಸಬೇಕು; ತುದಿ ಉಳಿದವನ ಆಸರೆಯ ಮೇಲೆ ಪೂರ್ತಿ ಕುಳಿತಿರಬೇಕು.

ನಡುಗೋಡೆಯದು ಇನ್ನೊಂದು ಕಥೆ. ಎರಡೂ ಕಡೆಯ ಜಂತಿಗಳ ತುದಿ ಅದರಲ್ಲಿ ಹುದುಗಿರುತ್ತದೆ. ಒಂದು ಬದಿಯ ಜಂತಿಗಳನ್ನು ಮೀಟಿ ಎಳೆದರೆ ಮಣ್ಣಿನ ಗಾರೆ ಅಲುಗಿ ಇನ್ನೊಂದು ಬದಿಯ ಜಂತಿಗಳೂ ಸಡಿಲಾಗುತ್ತವೆ. ಜಂತಿಯನ್ನು ಗೋಡೆಯಿಂದ ಒಂದು ಗೇಣು ಈಚೆ ಕೊಯ್ದು ತುಂಡನ್ನು ಅಲ್ಲೇ ಬಿಡುವುದು ಕ್ಷೇಮ. ಹೊಸ ಮನೆಯ ಕಾಲಮ್ಮಿಗೆ ಪಾಯ ತೋಡುವಾಗಲೂ ಇದೇ ಎಚ್ಚರ ಬೇಕು. ಯಲಬುರ್ಗಾ ಕಡೆಯ ಎರೆನೆಲ ಮಳೆಗೆ ಉಬ್ಬಿ ಬಿಸಿಲಿಗೆ ಬಿರಿಯುತ್ತದೆ. ಆ ನೆಲದಲ್ಲಿ ಹಳೆಯ ಕಲ್ಲುಗೋಡೆಯ ಬುಡಕ್ಕೆ ತಾಗಿ ಆಳದ ಗುಂಡಿ ತೆಗೆದು ವಾರಗಟ್ಟಲೆ ತೆರೆದಿಟ್ಟರೆ ಗೋಡೆ ಗುಂಡಿಯತ್ತ ವಾಲುವುದು ಖಚಿತ. ಕುಷ್ಟಗಿಯ ಮಸಾರಿ ನೆಲ ಸ್ವಲ್ಪ ದಯಾಳು.

ಸ್ಲ್ಯಾಬ್ ಹಾಕುವವರು ಹಣ ಉಳಿಸಲು ನಡುಗೋಡೆಯ ಮೇಲೆಯೇ ಅದರ ಅಂಚು ಕೂರಿಸುವುದುಂಟು. ಹೀಗೆ ಮಾಡಬಾರದು. ಕಾಂಕ್ರೀಟು ಬಿಸಿಲಿಗೆ ಹಿಗ್ಗುತ್ತದೆ, ರಾತ್ರಿಗೆ ಕುಗ್ಗುತ್ತದೆ. ಇಪ್ಪತ್ತು ಅಡಿಯ ಸ್ಲ್ಯಾಬು 30 ಡಿಗ್ರಿ ವ್ಯತ್ಯಾಸಕ್ಕೆ ಸುಮಾರು ಎರಡು ಮಿಲಿಮೀಟರ್ ಚಲಿಸುತ್ತದೆ. ಮಣ್ಣಿನ ಗೋಡೆಯನ್ನು ಪ್ರತಿದಿನ ಎರಡು ಮಿಲಿಮೀಟರ್ ತಳ್ಳಿ ಎಳೆದರೆ ಒಂದೇ ವರ್ಷದಲ್ಲಿ ಉದ್ದುದ್ದ ಸೀಳು ಬೀಳುತ್ತದೆ. ಹಳೆಯ ಮಾಳಿಗೆಗೂ ಹೊಸ ಸ್ಲ್ಯಾಬಿಗೂ ನಡುವಿನ ಸಂದನ್ನು ಸಿಮೆಂಟಿನಿಂದ ಮೆತ್ತಿದರೆ ಆ ಮೆತ್ತುವಿಕೆ ಮೊದಲ ಬೇಸಿಗೆಗೇ ಬಿಡುತ್ತದೆ, ಏಕೆಂದರೆ ಎರಡು ಬದಿಯೂ ಬೇರೆ ಬೇರೆ ರೀತಿಯಲ್ಲಿ ಉಸಿರಾಡುತ್ತವೆ. ಹೊಸ ಮನೆ ತನ್ನದೇ ಕಂಬಗಳ ಮೇಲೆ, ನಡುಗೋಡೆಯಿಂದ ಒಂದೆರಡು ಅಂಗುಲ ದೂರದಲ್ಲಿ ನಿಲ್ಲಬೇಕು. ಆ ಸಂದಿಯ ಮೇಲೆ ತಗಡಿನ ಪಟ್ಟಿಯೊಂದನ್ನು ಟೊಪ್ಪಿಗೆಯಂತೆ ಹೊದಿಸಿ, ಒಂದೇ ಬದಿಗೆ ಮೊಳೆ ಹೊಡೆಯಬೇಕು. ಎರಡೂ ಬದಿಗೆ ಹೊಡೆದರೆ ಪಟ್ಟಿ ಹರಿಯುತ್ತದೆ. ಸಣ್ಣ ಕೆಲಸವಿದು, ಆದರೆ ಭಾಗದ ಮನೆಗಳ ಸೋರಿಕೆ ಬಹುಪಾಲು ಆರಂಭವಾಗುವುದು ಇದೇ ಗೇಣಗಲದ ಜಾಗದಲ್ಲಿ.

ಪತ್ರಾಸಿನ ತೊಂದರೆ ಬೇರೆ. ಗಂಟೆಗೆ 100 ಕಿಲೋಮೀಟರ್ ವೇಗದ ಗಾಳಿ ಒಂದು ಚದರ ಮೀಟರಿನ ಮೇಲೆ ಸುಮಾರು 48 ಕೆ.ಜಿ. ಒತ್ತಡ ಹಾಕುತ್ತದೆ, ಅದೇ ಒಂದು ಚದರ ಮೀಟರ್ ತಗಡಿನ ತೂಕ ನಾಲ್ಕೈದು ಕೆ.ಜಿ. ಮಾತ್ರ. ಮುಂಗಾರಿಗೆ ಮೊದಲಿನ ಗುಡುಗು-ಗಾಳಿಗೆ ಹಾರುವ ತಗಡಿನ ಮೇಲೆ ಕಲ್ಲು ಹೇರಿಟ್ಟರೆ ಸಾಲದು. ಪೈಪನ್ನು ಗೋಡೆಯೊಳಕ್ಕೆ ಕಬ್ಬಿಣದ ಪಟ್ಟಿಯಿಂದ ಬಿಗಿಯಬೇಕು, ಅದೂ ನಡುಗೋಡೆಗೆ ಅಲ್ಲ, ಹೊರಗೋಡೆಗಳಿಗೆ. ಜೊತೆಗೆ ನೀರು. ಮಾಳಿಗೆಯಲ್ಲಿ ನೀರು ನಿಧಾನವಾಗಿ ಸಾಗಿ ಹರಿನಾಳಿಗೆಯಿಂದ ಓಣಿಗೆ ಬೀಳುತ್ತಿತ್ತು. ತಗಡಿನ ಮೇಲೆ ಬಿದ್ದ ಹನಿ ಕ್ಷಣದಲ್ಲಿ ಅಂಚಿಗೆ ಬರುತ್ತದೆ. ಇಳಿಜಾರು ಪಕ್ಕದ ಪಾಲಿನ ಕಡೆಗಿದ್ದರೆ ಒಂದು ಜೋರು ಮಳೆ ಅಲ್ಲಿಯ ಸವುಳು ಪದರವನ್ನೇ ಕೊರೆದು ಒಯ್ಯುತ್ತದೆ. 2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಆರಂಭದ ಆ ಮಳೆಯಲ್ಲಿ ಉತ್ತರ ಕರ್ನಾಟಕದ ಲಕ್ಷಗಟ್ಟಲೆ ಮನೆಗಳು ಹಾನಿಗೊಂಡವು, ಸತ್ತವರಲ್ಲಿ ಅನೇಕರು ಗೋಡೆ-ಮಾಳಿಗೆ ಕುಸಿದು ಸತ್ತರು; ಆಮೇಲೆ ‘ಆಸರೆ’ ಹೆಸರಿನಲ್ಲಿ ಹೊಸ ಊರುಗಳನ್ನೇ ಕಟ್ಟಬೇಕಾಯಿತು. ನೆನೆದು ಭಾರವಾದ ಮಣ್ಣಿನ ಮಾಳಿಗೆಗೆ ಪಕ್ಕದ ಚಾವಣಿಯ ನೀರೂ ಸೇರಿದರೆ ಏನಾಗುತ್ತದೆ ಎಂದು ಅಂಥ ಮಳೆ ಕಂಡ ಊರುಗಳಿಗೆ ವಿವರಿಸಬೇಕಿಲ್ಲ.

ಇನ್ನು ಕಾನೂನು. ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ಇರುವವರಿಗೆ 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಒಡೆತನ ಕಾಯ್ದೆ ಇದೆ. ಅದರಲ್ಲಿ ಪಾಯ, ಕಂಬ, ತೊಲೆ, ಮುಖ್ಯ ಗೋಡೆಗಳ ಜೊತೆಗೆ ಚಾವಣಿಯೂ ಎಲ್ಲರಿಗೂ ಸೇರಿದ್ದು. ಇಂಗ್ಲೆಂಡಿನಲ್ಲಿ 1996ರ ಪಾರ್ಟಿ ವಾಲ್ ಕಾಯ್ದೆಯಂತೆ ಹಂಚಿಕೆಯ ಗೋಡೆ ಮುಟ್ಟುವವರು ಪಕ್ಕದವರಿಗೆ ಎರಡು ತಿಂಗಳು ಮೊದಲು ನೋಟಿಸು ಕೊಡಬೇಕು. ಕುಷ್ಟಗಿಯ ಓಣಿಯಲ್ಲಿ ಭಾಗ ಮಾಡಿಕೊಂಡ ಮನೆಗೆ ಇಂಥ ನೇರ ನಿಯಮವಿಲ್ಲ. ಇರುವುದು 1882ರ ಈಸ್‌ಮೆಂಟ್ ಕಾಯ್ದೆ. ಆಸ್ತಿ ಭಾಗವಾದಾಗ ಒಬ್ಬನ ಪಾಲನ್ನು ಅನುಭವಿಸಲು ಇನ್ನೊಬ್ಬನ ಪಾಲಿನ ಮೇಲೆ ಹಕ್ಕು ಅಗತ್ಯವಿದ್ದರೆ ಅದು ಅವನಿಗೆ ಸಿಗುತ್ತದೆ ಎನ್ನುತ್ತದೆ 13ನೇ ಕಲಂ. ಗೋಡೆಯ ಆಸರೆ ಅಂಥ ಹಕ್ಕು. 24ನೇ ಕಲಮಿನ ಉದಾಹರಣೆಯಲ್ಲಂತೂ ಆಸರೆ ಕೊಟ್ಟ ಪಕ್ಕದ ಗೋಡೆ ಬಿದ್ದರೆ ಆಸರೆ ಪಡೆದವನು ಒಳಹೋಗಿ ಅದನ್ನು ರಿಪೇರಿ ಮಾಡಬಹುದು ಎಂದಿದೆ. ಇಪ್ಪತ್ತು ವರ್ಷ ಅಡೆತಡೆಯಿಲ್ಲದೆ ಪಕ್ಕದ ಅಂಗಳಕ್ಕೆ ಬೀಳುತ್ತಿದ್ದ ಹರಿನಾಳಿಗೆಯ ನೀರೂ ಹಕ್ಕಾಗಬಲ್ಲದು.

ಆದರೆ ಜನ ಗಮನಿಸದ ಮಾತು 25ನೇ ಕಲಮಿನಲ್ಲಿದೆ: ಇಂಥ ಹಕ್ಕನ್ನು ಉಳಿಸಿಕೊಳ್ಳಲು ಮಾಡುವ ರಿಪೇರಿಯ ಖರ್ಚು ಹಕ್ಕು ಇರುವವನದೇ. ಅಂದರೆ ನಡುಗೋಡೆ ವಾಟ್ನಿಯಲ್ಲಿ ಅಣ್ಣನ ಪಾಲಿಗೆ ಬಂದಿದ್ದು, ಅದು ಹಳತಾಗಿ ಕುಸಿದರೆ, ಅದರ ಆಸರೆ ಬೇಕಾದ ತಮ್ಮನೇ ಹಣ ಹಾಕಬೇಕಾದೀತು. ಅಣ್ಣನೇ ಅಗೆತದಿಂದ ಕೆಡವಿದರೆ ತಮ್ಮ ನಷ್ಟಪರಿಹಾರ ಕೇಳಬಹುದು. ಆದರೆ ಅದು ಅಗೆತದಿಂದ ಬಿದ್ದಿತೋ ಮುಪ್ಪಿನಿಂದ ಬಿದ್ದಿತೋ ಎಂದು ಸಿವಿಲ್ ಕೋರ್ಟಿನಲ್ಲಿ ಸಾಬೀತು ಮಾಡುವ ಹೊತ್ತಿಗೆ ಎಷ್ಟು ಮಳೆಗಾಲ ಕಳೆದಿರುತ್ತವೋ. ಬಡವನ ಪಾಲಿಗೆ ಇದು ನ್ಯಾಯವಲ್ಲ. ಸ್ಲ್ಯಾಬ್ ಹಾಕಿಸುವಷ್ಟು ಹಣ ಇರುವವನು ಊರೆಗಂಬ, ಸಂದಿನ ತಗಡು, ನಡುಗೋಡೆಯ ಕುಂಬಿ ಇವಿಷ್ಟರ ಖರ್ಚನ್ನು ತಾನೇ ಹೊರುವುದೇ ಸರಿ. ಇಡೀ ಕೆಲಸದ ವೆಚ್ಚದಲ್ಲಿ ಅದು ಸಣ್ಣ ಪಾಲು.

ಸರ್ಕಾರದ ಯೋಜನೆಗಳೂ ಈ ಒಡಕನ್ನು ಗೊತ್ತಿಲ್ಲದೆಯೇ ಬೆಳೆಸುತ್ತವೆ. 2016ರಲ್ಲಿ ಶುರುವಾದ ಗ್ರಾಮೀಣ ಪ್ರಧಾನಮಂತ್ರಿ ಆವಾಸ್ ಯೋಜನೆ ಬಯಲುಸೀಮೆಯ ಮನೆಗೆ 1.20 ಲಕ್ಷ ರೂಪಾಯಿ ಕೊಡುತ್ತ ಕನಿಷ್ಠ 25 ಚದರ ಮೀಟರಿನ ಪಕ್ಕಾ ಮನೆ ಕೇಳುತ್ತದೆ. ಅನುದಾನ ಒಂದು ಹೆಸರಿಗೆ, ಒಂದು ಮನೆಗೆ. ಗ್ರಾಮ ಪಂಚಾಯಿತಿಯ ಇ-ಸ್ವತ್ತು ದಾಖಲೆಯಲ್ಲಿ ಜಾಗದ ಉದ್ದಗಲ, ಚೆಕ್ಕುಬಂದಿ ಇರುತ್ತದೆ. ತೊಲೆ ಯಾವ ಗೋಡೆಯನ್ನು ದಾಟಿದೆ ಎಂಬುದು ಇರುವುದಿಲ್ಲ. ಕಂತಿನ ಹಣ ಬಿಡುಗಡೆಗೆ ಫೋಟೊ ತೆಗೆಯಲು ಬರುವ ಸಿಬ್ಬಂದಿ ಪಾಯ ಹಾಕುವ ಮೊದಲ ದಿನವೇ ಪಕ್ಕದ ಪಾಲಿನ ಒಂದು ಫೋಟೊ ತೆಗೆದಿಟ್ಟರೂ ಎಷ್ಟೋ ವ್ಯಾಜ್ಯ ಹುಟ್ಟುವುದಿಲ್ಲ. ಆನೆಗುಂದಿಯಂಥ ಕಡೆ ಮಾತು ಇನ್ನೂ ಬೇರೆ. ಹಂಪಿಯ ವಿಶ್ವ ಪರಂಪರೆ ಪ್ರದೇಶದೊಳಗಿನ ಆ ಊರಿನಲ್ಲಿ ಮನೆಯ ಸ್ವರೂಪ ಬದಲಿಸಲು ಆ ಪ್ರದೇಶದ ನಿರ್ವಹಣಾ ಪ್ರಾಧಿಕಾರದ ಅನುಮತಿಯೂ ಬೇಕು.

ಎಲ್ಲಕ್ಕಿಂತ ಕಠಿಣವಾದದ್ದು ಬೀಗ ಹಾಕಿದ ಪಾಲು. ಕುಷ್ಟಗಿ, ಯಲಬುರ್ಗಾ ತಾಲ್ಲೂಕುಗಳಿಂದ ಮಂಗಳೂರಿಗೆ, ಬೆಂಗಳೂರಿಗೆ, ಗೋವಾಕ್ಕೆ ಗುಳೆ ಹೋಗುವುದು ತಲೆಮಾರುಗಳ ರೂಢಿ. ಹೋದವರ ಪಾಲಿನ ಮಾಳಿಗೆಗೆ ಸವುಳು ಬೀಳುವುದಿಲ್ಲ, ಗಿಡ ಕೀಳುವವರಿಲ್ಲ. ಅಲ್ಲಿ ಇಳಿದ ನೀರು ನಡುಗೋಡೆಯ ಒಡಲಲ್ಲಿ ಹರಿದು ಊರಲ್ಲಿ ಉಳಿದವರ ಕೋಣೆಗೆ ಬರುತ್ತದೆ. ಉಳಿದವರು ಎಷ್ಟೋ ಕಡೆ ವಯಸ್ಸಾದ ತಾಯಿ-ತಂದೆಯೇ. ಪಾಲುದಾರರೂ ಈಗ ಅಣ್ಣ-ತಮ್ಮಂದಿರು ಮಾತ್ರವಲ್ಲ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ ಕರ್ನಾಟಕ ತಂದ 1994ರ ತಿದ್ದುಪಡಿ, ಆಮೇಲೆ ದೇಶಕ್ಕೆಲ್ಲ ಅನ್ವಯವಾದ 2005ರ ತಿದ್ದುಪಡಿಯ ನಂತರ ಪಿತ್ರಾರ್ಜಿತ ಮನೆಯಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲು. ಗಂಗಾವತಿಗೋ ಸಿಂಧನೂರಿಗೋ ಮದುವೆಯಾಗಿ ಹೋದ ಅಕ್ಕನ ಒಪ್ಪಿಗೆಯೂ ಮಾಳಿಗೆಯ ಕೆಲಸಕ್ಕೆ ಬೇಕು. ಆಕೆಯನ್ನು ಕರೆಯದೆ ಬರೆದ ಕಾಗದ ಮುಂದೆ ನಿಲ್ಲುವುದಿಲ್ಲ.

ಆದ್ದರಿಂದ ಯುಗಾದಿಯ ಹೊತ್ತಿಗೆ ಎಲ್ಲರೂ ಊರಿಗೆ ಬಂದಾಗ, ಗೌಂಡಿಗೆ ಮುಂಗಡ ಕೊಡುವ ಮೊದಲೇ, ಎಲ್ಲ ಪಾಲುದಾರರೂ ಒಮ್ಮೆ ಮಾಳಿಗೆ ಹತ್ತಬೇಕು, ಆಮೇಲೆ ಕೆಳಗಿಳಿದು ಬಡಿಗನೊಬ್ಬನನ್ನು ಕರೆದು ತೊಲೆಗಳನ್ನು ತಟ್ಟಿ ನೋಡಿಸಬೇಕು. ಯಾವ ತೊಲೆ ನಡುಗೋಡೆ ದಾಟಿದೆ, ಅದನ್ನು ಎಲ್ಲಿ ಕೊಯ್ಯುವುದು, ಊರೆಗಂಬ ಯಾರದು, ಹೊಸ ಚಾವಣಿಯ ನೀರು ಯಾವ ಓಣಿಗೆ, ಸಂದಿನ ತಗಡು ಹಾಳಾದರೆ ಬದಲಿಸುವವರು ಯಾರು, ಬೀಗ ಹಾಕಿದ ಪಾಲಿಗೆ ಪ್ರತಿ ವರ್ಷ ಸವುಳು ಹಾಕಿಸುವವರು ಯಾರು, ಅದರ ಕೂಲಿ ಯಾರು ಕೊಡುವುದು ಎಂಬುದನ್ನು ಬರೆದು ಎಲ್ಲರೂ ಸಹಿ ಹಾಕಬೇಕು. ಈಗಿರುವ ಬಿರುಕುಗಳ ಫೋಟೊವನ್ನು ತಾರೀಖಿನ ಸಮೇತ ಎಲ್ಲರ ಫೋನಿನಲ್ಲೂ ಇಟ್ಟುಕೊಳ್ಳಬೇಕು. ಉಳಿಯುವ ಪಾಲಿನ ಮೇಲೆ ಅಡಿಗಿಂತ ಹೆಚ್ಚು ಮಣ್ಣು ಸೇರಿದ್ದರೆ ಅದನ್ನೂ ಅದೇ ಕೂಲಿಯಾಳುಗಳಿಂದ ಅರ್ಧ ಅಡಿಗೆ ಇಳಿಸಿ, ಮೇಲೆ ಹೊಸ ಸವುಳು ಹಾಕಿಸುವುದು ಒಳಿತು. ಆಳು, ಬುಟ್ಟಿ, ಟ್ರ್ಯಾಕ್ಟರ್ ಹೇಗೂ ಬಾಗಿಲಿಗೆ ಬಂದಿರುತ್ತವೆ. ಅಗೆತ ಏಪ್ರಿಲ್‌ನಲ್ಲಿ ಶುರುವಾದರೆ ಮೇ ಕೊನೆಯ ವಾರದ ರೋಹಿಣಿ ಮಳೆಯೊಳಗೆ ಸಂದಿನ ತಗಡಿಗೆ ಮೊಳೆ ಬಿದ್ದಿರುತ್ತದೆ.